ಸಕ್ಕರೆ ಮಾಡಿದ ಕರೆ

ಅವಳಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಕಾರು ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಮ್ಯಾನೇಜರಿಂದ ಹಿಡಿದು ಕಾರು ತೊಳೆಯುವವರವರೆಗೆ ಎಲ್ಲರ ಬಾಯಲ್ಲೂ ಅವಳು ‘ಸಕ್ಕರೆ’. ಕಾರಣ ಅವಳ ದನಿ. ಫೋನಿನಲ್ಲಿ ಅವಳು ‘ನಮಸ್ಕಾರ ಸರ್, ನಿಮ್ಮ ಕಾರು ಹೇಗಿದೆ?’ ಎಂದು ಕೇಳಿದರೆ ಸಾಕು, ಮನೆಯಲ್ಲಿ ಯಾರೂ ಕ್ಷೇಮಸಮಾಚಾರ ವಿಚಾರಿಸದ ಗಂಡಸರು ಕಾರಿನ ಗೊರಗೊರ ಸದ್ದಿನ ಜೊತೆಗೆ ತಮ್ಮ ಸೊಂಟನೋವನ್ನೂ ಹೇಳಿಕೊಳ್ಳುತ್ತಿದ್ದರು.

ನಿನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ, ‘ಕರೆದು ಕರೆಯೋದು’ ಎನ್ನುತ್ತಿದ್ದಳು. ಮೊದಲು ಗಿರಾಕಿಯನ್ನು ಕರೆಯಬೇಕು. ಬಂದ ಮೇಲೆ ಹಸುವನ್ನು ಕರೆದಂತೆ ಕರೆಯಬೇಕು. ಮೊದಲನೆಯದು ಅವಳ ಪಾಲು, ಎರಡನೆಯದು ಒಳಗಿನವರ ಪಾಲು. ‘ಉಚಿತ ತಪಾಸಣೆ’ಗೆಂದು ನಗುನಗುತ್ತಾ ಬಂದವರು ಹೋಗುವಾಗ ಕೈಯಲ್ಲಿ ಬಿಲ್ಲು ಹಿಡಿದು, ಎದೆಗೆ ಬಾಣ ನೆಟ್ಟವರಂತೆ ಹೋಗುತ್ತಿದ್ದರು.

ಈ ಜೋಕನ್ನು ಅವಳು ಹೇಳುವುದು ಬಿಟ್ಟದ್ದು ಅತ್ತಿಗೆಯ ಕಾರಿನ ಪ್ರಸಂಗದ ಮೇಲೆ.

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಕಡಿದಾದ ಇಳಿಜಾರು ರಸ್ತೆಯ ನೆತ್ತಿಯ ಮೇಲೆ ಮನೆ, ಮನೆಯ ಹಿಂದೆ ಲಾಂಡ್ರಿ. ಹೋಟೆಲುಗಳ ಹಾಸು ಹೊದಿಕೆಗಳನ್ನು ಒಗೆದು, ಇಸ್ತ್ರಿ ಮಾಡಿ, ಬೆಳಗಾದರೆ ತಾವೇ ಕಾರಿನಲ್ಲಿ ತುಂಬಿಕೊಂಡು ಕೆಳಗಿನ ಪೇಟೆಗೆ ಒಯ್ಯುತ್ತಿದ್ದರು. ಆ ಕಾರನ್ನು ಕೊಂಡದ್ದು ಕಂಪನಿಯನ್ನು ನಂಬಿ ಅಲ್ಲ. ‘ನಮ್ಮ ಹುಡುಗಿ ಅಲ್ಲಿದ್ದಾಳೆ’ ಎಂಬ ಒಂದೇ ಧೈರ್ಯದಿಂದ.

ಒಮ್ಮೆ ಉಚಿತ ತಪಾಸಣೆಗೆ ಸಕ್ಕರೆಯೇ ಅವರನ್ನು ಕರೆಸಿದ್ದಳು. ಬ್ರೇಕ್ ಪ್ಯಾಡ್ ಸವೆದಿದೆ, ಬದಲಾಯಿಸಬೇಕು ಎಂದ ಮೇಸ್ತ್ರಿ. ಅತ್ತಿಗೆ ನೇರವಾಗಿ ಇವಳ ಮೇಜಿನ ಬಳಿ ಬಂದು, ‘ನಿಜವಾಗ್ಲೂ ಬದಲಾಯಿಸ್ಬೇಕೇನೇ?’ ಎಂದು ಕೇಳಿದರು. ಪ್ಯಾಡ್ ಇನ್ನೂ ಒಂದು ವರ್ಷ ಬಾಳುತ್ತದೆ, ಆದರೆ ಈ ತಿಂಗಳ ಟಾರ್ಗೆಟ್ ಬಾಳುವುದಿಲ್ಲ ಎಂದು ಅದೇ ಮೇಸ್ತ್ರಿ ಆಗತಾನೇ ಅವಳ ಕಿವಿಯಲ್ಲಿ ಹೇಳಿ ಹೋಗಿದ್ದ. ‘ಬ್ರೇಕ್ ವಿಷಯ ಅತ್ತಿಗೆ, ಹಿಂದೆಮುಂದೆ ನೋಡಬಾರದು’ ಎಂದಳು ಸಕ್ಕರೆ. ಸುಳ್ಳೂ ಅಲ್ಲ, ನಿಜವೂ ಅಲ್ಲ, ಬರೀ ಸಿಹಿ.

ಅತ್ತಿಗೆ ಹಳೆಯ ಪ್ಯಾಡುಗಳನ್ನು ಕೇಳಿ ಇಸಿದುಕೊಂಡು ಹೋಗಿದ್ದರು. ಮನೆಯ ಹತ್ತಿರದ ಗ್ಯಾರೇಜಿನವನು ಅವನ್ನು ತಿರುಗಿಸಿ ನೋಡಿ ನಕ್ಕನಂತೆ. ‘ನಂಗೇನು ಗೊತ್ತು ಅತ್ತಿಗೆ, ನಾನು ಬರೀ ಫೋನ್ ಮಾಡೋಳು’ ಎಂದು ಇವಳು ಕೈ ತೊಳೆದುಕೊಂಡಳು. ಅತ್ತಿಗೆ ಜಗಳವಾಡಲಿಲ್ಲ. ಅಂದಿನಿಂದ ಬಟ್ಟೆ, ಬಿಸಿಲು, ಮಂಡಿನೋವು ಎಲ್ಲ ಮಾತಾಡುವರು. ಕಾರಿನ ಸುದ್ದಿ ಮಾತ್ರ ಎತ್ತರು. ಕಾರು ಮತ್ತೆ ಸರ್ವೀಸ್ ಸೆಂಟರಿನ ಗೇಟು ದಾಟಲಿಲ್ಲ.

ಆಮೇಲೆ ಕಂಪನಿಯ ದೊಡ್ಡ ಬಣ್ಣ ಬಯಲಾಯಿತು. ಹೊಗೆ ಪರೀಕ್ಷೆಯಲ್ಲಿ ಕಾರುಗಳು ನಕಲು ಹೊಡೆದು ಪಾಸಾಗಿದ್ದವು. ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದೊಡನೆ, ಹೆಡ್ ಮಿಸ್ಸು ಬಂದಾಗ ಕೈಕಟ್ಟಿ ಕೂರುವ ಮಕ್ಕಳಂತೆ, ಎಂಜಿನ್ನು ತಣ್ಣಗೆ ಉಸಿರಾಡುತ್ತಿತ್ತು. ರಸ್ತೆಗಿಳಿದರೆ ಮಾಮೂಲಿ ಕರಿ ಹೊಗೆ. ಆ ಹೊಗೆ ಆರುವ ಮುನ್ನವೇ ಇನ್ನೊಂದು ಸುದ್ದಿ. ಬ್ರೇಕ್ ಎಣ್ಣೆ ಹರಿಯುವ ರಬ್ಬರ್ ಪೈಪು ಪಕ್ಕದ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸೀಳಬಹುದು. ಸೀಳಿದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆ ಮಾದರಿಯ ಎಲ್ಲ ಕಾರುಗಳನ್ನೂ ವಾಪಸ್ ಕರೆಸಿ ಪೈಪು ಬದಲಾಯಿಸಬೇಕಿತ್ತು. ಅತ್ತಿಗೆಯದ್ದೂ ಅದೇ ಮಾದರಿ.

ಮ್ಯಾನೇಜರು ಹೇಳಿದರು: ‘ಬ್ರೇಕ್ ಅನ್ನೋ ಮಾತು ಬಾಯಲ್ಲಿ ಬರಬಾರದು. ಉಚಿತ ಸುರಕ್ಷತಾ ತಪಾಸಣೆ ಅನ್ನಿ, ಸಾಕು.’

‘ಕೆಟ್ಟಿರೋದು ಬ್ರೇಕೇ ಅಲ್ವಾ ಸರ್?’

‘ಜನ ಹೆದರ್ತಾರಮ್ಮ.’

‘ಹೆದರಬೇಕಲ್ವಾ ಸರ್?’

‘ನೋಡಿ, ಕಾರಿಗಿಲ್ಲದಿದ್ರೂ ಮಾತಿಗೆ ಬ್ರೇಕ್ ಇರ್ಲಿ.’

ಸಕ್ಕರೆ ಫೋನು ಎತ್ತಿದಳು. ‘ಉಚಿತಾನಾ? ಅಷ್ಟೊಂದು ದುಡ್ಡು ನನ್ನ ಹತ್ರ ಇಲ್ಲಮ್ಮ’ ಎಂದರು ಒಬ್ಬ ನಿವೃತ್ತ ಮೇಷ್ಟ್ರು. ಇನ್ನೊಬ್ಬಾಕೆ, ‘ಹೊಗೇನೂ ಸುಳ್ಳು, ಮೈಲೇಜೂ ಸುಳ್ಳು. ನೀವಾದ್ರೂ ನಿಜವಾಗ್ಲೂ ಇದ್ದೀರಾ, ಇಲ್ಲಾ ರೆಕಾರ್ಡಾ?’ ಎಂದಳು. ದನಿಗೆ ಇನ್ನಷ್ಟು ಜೇನು ಬೆರೆಸಿದಷ್ಟೂ ಜನ ಇನ್ನಷ್ಟು ಬೇಗ ಫೋನಿಡುತ್ತಿದ್ದರು.

ಅತ್ತಿಗೆಗೆ ಫೋನ್ ಮಾಡುವಾಗ ಮ್ಯಾನೇಜರ ಮಾತನ್ನು ಗಾಳಿಗೆ ತೂರಿದಳು. ‘ಅತ್ತಿಗೆ, ಬ್ರೇಕ್ ಪೈಪಿನ ವಿಷಯ...’

‘ಹೋದ್ಸಲಾನೂ ಬ್ರೇಕೇ ಅಲ್ವೇನೇ? ಬೇರೆ ಭಾಗ ಹುಡುಕ್ಕೊಳ್ಳಿ’ ಎಂದು ನಕ್ಕು ಫೋನಿಟ್ಟರು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಬದಲು ಅವಳು ಏರು ಹತ್ತಿದಳು. ಅತ್ತಿಗೆ ಡಿಕ್ಕಿಗೆ ಬಿಳಿ ಗಂಟುಗಳನ್ನು ತುಂಬುತ್ತಿದ್ದರು.

‘ಅತ್ತಿಗೆ, ದಯವಿಟ್ಟು ಇವತ್ತು ಓಡಿಸ್ಬೇಡಿ. ತಮ್ಮ ಸುರಕ್ಷತೆಗಾಗಿ...’

‘ತಮ್ಮ ಸುರಕ್ಷತೆ! ನನ್ನ ಮುಂದೇನೂ ಅದೇ ಫೋನಿನ ರಾಗ. ನಿಮ್ಮ ಕಂಪನಿ ಟಾರ್ಗೆಟ್ಟಿಗೆ ನಾನೊಬ್ಳು ಕಮ್ಮಿ ಬಿದ್ನಾ?’

‘ಹಾಗಲ್ಲ ಅತ್ತಿಗೆ.’

‘ಹಾಗಾದ್ರೆ ಹತ್ತು. ಪೇಟೇಲಿ ಇಳಿಸ್ತೀನಿ.’

ಹತ್ತಿದರೆ ಇವಳಿಗೇ ಭಯವಿಲ್ಲ, ಹಾಗಾಗಿ ಹೇಳಿದ್ದೆಲ್ಲ ಸುಳ್ಳು ಎಂದಾಗುತ್ತದೆ. ಹತ್ತದಿದ್ದರೆ ನಾಟಕ. ಒಳ್ಳೆ ಇಕ್ಕಳಕ್ಕೆ ಸಿಕ್ಕಿಬಿದ್ದು ಸಕ್ಕರೆ ಅಲ್ಲೇ ನಿಂತಳು. ಅತ್ತಿಗೆ ಸೀಟಿನಲ್ಲಿ ಕೂತು ಕೀ ಹಾಕಿದರು. ಮುಂದೆ ರಸ್ತೆ ಜಾರುಬಂಡೆಯಂತೆ ಕೆಳಗಿಳಿದಿತ್ತು.

‘ಇಳಿಯೇ ಕೆಳಗೆ!’

ಆ ಕಿರುಚು ಯಾರ ಗಂಟಲಿನದು ಎಂದು ಅವಳಿಗೇ ತಿಳಿಯಲಿಲ್ಲ. ಒಡೆದ ತಗಡಿನಂತಿತ್ತು. ‘ಸಾಯ್ಬೇಕಾ ನಿಂಗೆ? ಕೊಡೇ ಕೀ! ಕೊಡು ಅಂದ್ರೆ ಕೊಡು!’ ಬಾಗಿಲು ಎಳೆದು, ಅತ್ತಿಗೆಯ ಮಣಿಕಟ್ಟು ಹಿಡಿದುಕೊಂಡಿದ್ದಳು. ಎದುರು ಮನೆಯ ಕಿಟಕಿ ತೆರೆಯಿತು.

ಮದುವೆಯಾಗಿ ಬಂದ ದಿನದಿಂದ ನಾದಿನಿಯ ಬಾಯಲ್ಲಿ ‘ನೀವು, ತಾವು’ ಮಾತ್ರ ಕೇಳಿದ್ದ ಅತ್ತಿಗೆ ಅವಳ ಮುಖವನ್ನೇ ನೋಡಿದರು. ಬಹುವಚನದಲ್ಲಿ ಕೊಟ್ಟ ಬಹು ವಚನಗಳು ಮಾಡದ ಕೆಲಸವನ್ನು ಏಕವಚನ ಮಾಡಿತು. ಕೀ ಅವಳ ಕೈಗೆ ಬಂತು.

ಹೊತ್ತೇರುವ ಮೊದಲು ಲಾರಿ ಬಂದು ಕಾರನ್ನು ಸರ್ವೀಸ್ ಸೆಂಟರಿಗೆ ಹೊತ್ತೊಯ್ದಿತು. ಸಂಜೆ ಮೇಸ್ತ್ರಿ ಅವಳ ಮೇಜಿನ ಬಳಿ ಬಂದು ಮೆಲ್ಲಗೆ ಹೇಳಿದ: ‘ಪೈಪು ಬದಲಾಯಿಸಿದೆ ಅಕ್ಕ. ಹಳೇದು ಗಟ್ಟಿಯಾಗೇ ಇತ್ತು. ಆದ್ರೆ ನೀವು, ನಾಳೇನೇ ಸೀಳಿ ಹೋಗ್ತಿತ್ತು ಅಂತ ಹೇಳ್ಬಿಡಿ. ನಿಮ್ಮ ಮಾನ ಉಳಿಯುತ್ತೆ, ಕಂಪನಿ ಮಾನಾನೂ ಉಳಿಯುತ್ತೆ.’

ಅತ್ತಿಗೆ ಬಂದು ಕೇಳಿದ್ದೂ ಅದನ್ನೇ. ‘ಹಳೇ ಪೈಪು ಹೇಗಿತ್ತು?’

‘ಚೆನ್ನಾಗೇ ಇತ್ತು.’

‘ಅಂದ್ರೆ ಬೆಳಿಗ್ಗೆ ನನ್ನ ಮರ್ಯಾದೇನ ಬೀದೀಲಿ ಒಗೆದು ಒಣಗಿಸಿದ್ದು ಸುಮ್ಮನೆ?’

‘ಸುಮ್ಮನೆ ಅಲ್ಲ ಅತ್ತಿಗೆ. ಯಾವ ಕಾರಿನದ್ದು ಯಾವಾಗ ಹೋಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೇ ಎಲ್ಲಾ ಬದಲಾಯಿಸ್ತಿರೋದು.’

ಅತ್ತಿಗೆ ತಲೆಯಾಡಿಸಿದರು. ಕೀ ಎತ್ತಿಕೊಂಡರು. ಹೊರಡಲಿಲ್ಲ. ‘ಅವತ್ತಿನ ಪ್ಯಾಡು?’

ನಂಗೇನು ಗೊತ್ತು ಎಂಬ ಮಾತು ಸಕ್ಕರೆಯ ಗಂಟಲಿನವರೆಗೆ ಸಿಹಿಯಾಗಿಯೇ ಬಂತು. ನುಂಗಿದಳು.

‘ಅದೂ ಚೆನ್ನಾಗಿತ್ತು. ನನಗೆ ಗೊತ್ತಿತ್ತು.’

ಪಕ್ಕದ ಮೇಜಿನ ಫೋನು ಬಡಿದುಕೊಂಡು ಸುಮ್ಮನಾಯಿತು.

‘ಅವತ್ತು ನಿಮ್ಮಣ್ಣ ನನ್ನ ಜೊತೆ ಜಗಳ ಆಡಿದ್ರು ಕಣೆ’ ಎಂದರು ಅತ್ತಿಗೆ. ‘ಕಂಪನಿಯವರು ಕಳ್ಳರಿರಬಹುದು, ನನ್ನ ತಂಗಿಗೆ ಗೊತ್ತಿದ್ರೆ ಖಂಡಿತ ಹೇಳ್ತಿದ್ಲು ಅಂತ. ಎರಡು ದಿನ ಊಟ ಬಿಟ್ಟಿದ್ರು. ಈಗ ಅವರಿಗೇನು ಹೇಳ್ಲಿ?’

‘ನಿಜಾನೇ ಹೇಳಿ.’

‘ನಾನ್ಯಾಕೆ ಹೇಳ್ಲಿ? ನಾನು ಬಟ್ಟೆ ಮೇಲಿನ ಕರೆ ತೆಗೆಯೋಳು. ಇದು ನಿನ್ನ ಕರೆ, ನೀನೇ ಬಂದು ತೆಗಿ.’

ಬೈಗುಳಕ್ಕೆ ಬೆನ್ನೊಡ್ಡಿ ನಿಂತಿದ್ದ ಸಕ್ಕರೆಗೆ ಅದೂ ಸಿಗಲಿಲ್ಲ. ಅತ್ತಿಗೆ ಕಾರು ಹತ್ತಿದರು. ಅವಳು ಗಾಜಿನ ಬಾಗಿಲಿಗೆ ಹಣೆಯಿಟ್ಟು ನೋಡುತ್ತಿದ್ದಳು. ಗೇಟಿನ ಬಳಿ ಯಾರೂ ಅಡ್ಡ ಬಂದಿರಲಿಲ್ಲ, ಆದರೂ ಕಾರು ಗಕ್ಕನೆ ನಿಂತಿತು. ಹಿಂದಿನ ಕೆಂಪು ದೀಪಗಳು ಹೊತ್ತಿ ಆರಿದವು. ನಾಲ್ಕು ಮಾರು ಹೋಗಿ ಖಾಲಿ ರಸ್ತೆಯಲ್ಲಿ ಮತ್ತೆ ಹೊತ್ತಿದವು. ತಿರುವು ಮುಟ್ಟುವವರೆಗೂ ಅತ್ತಿಗೆಯ ಕಾಲು ಹೊಸ ಬ್ರೇಕನ್ನು ಹಾಗೆಯೇ ಒತ್ತಿ ಒತ್ತಿ ಕೇಳುತ್ತಾ ಹೋಯಿತು.