ಫೈಲು ದಾಟಿಸುವ ಅಂಬಿಗ

ಸಮೀಕ್ಷೆ ಕಚೇರಿಯಲ್ಲಿ ಅವನಿಗೆ ಅಂಬಿಗನೆಂದೇ ಹೆಸರು. ಒಂದು ಸಾಫ್ಟ್‌ವೇರಿನ ಡೇಟಾ ಫೈಲನ್ನು ಇನ್ನೊಂದಕ್ಕೆ ದಾಟಿಸುವುದೇ ಅವನ ಕೆಲಸ. ದಾಟಿಸಿದ ಮೇಲೆ ಪರದೆಗೆ ಬೆರಳಿಟ್ಟು ಸಾಲು ಸಾಲೂ ನೋಡಿ, "ಹುಷಾರಾಗಿ ನೋಡ್ಕೊಳ್ಳಿ" ಎಂದು ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಒಪ್ಪಿಸುತ್ತಾನೆ. ಬೇರೆಯವರು ದಾಟಿಸಿದ ಫೈಲು ಕಂಡರೆ ಅವನ ಹೊಟ್ಟೆ ಭಗ್ಗೆಂದು ಉರಿಯುತ್ತದೆ. ಈಗಂತೂ ಯಾವ ಫೈಲನ್ನಾದರೂ ತಾನೇ ತೆರೆಯುವ ಹೊಸ ಪ್ರೋಗ್ರಾಮು ಬಂದಿದೆ. ಅದನ್ನವನು ಸವತಿ ಎಂದೇ ಕರೆಯುತ್ತಾನೆ. ಅದೇ ಕಚೇರಿಯಲ್ಲಿರುವ ಸ್ವಂತ ಮಗಳೂ, "ನಿಮಗ್ಯಾಕಪ್ಪಾ ತೊಂದ್ರೆ" ಎಂದು ಸವತಿಯನ್ನೇ ಹಿಡಿದಿದ್ದಾಳೆ. ಇವತ್ತು ಅವಳ ಫೈಲಿನಲ್ಲಿ ಶಿಶುವಿಹಾರದ ಮಕ್ಕಳಿಗೆ ತೊಂಬತ್ತೊಂಬತ್ತು ವರ್ಷ. ಉತ್ತರ ಸಿಗದ ಕಡೆ ಗುರುತಿಗೆಂದು ತುಂಬಿದ ಸಂಖ್ಯೆಯನ್ನು ಸವತಿ ವಯಸ್ಸೆಂದೇ ಓದಿದ್ದಾಳೆ. ಅಂಬಿಗ ಅದನ್ನು ಬೆಳಗ್ಗೆಯೇ ಕಂಡು, ಸರಿಮಾಡಿದ ಫೈಲನ್ನು ಸಿದ್ಧವಾಗಿಟ್ಟು, ಪಕ್ಕದ ಕುರ್ಚಿಯ ಧೂಳು ಒರೆಸಿ, ಕಾದು ಕೂತಿದ್ದಾನೆ, ಅವಳೇ ಬಂದು "ಅಪ್ಪಾ" ಅನ್ನಲಿ ಎಂದು.