ಹನ್ನೆರಡು ಗಂಟೆಗೆ ಮುಗಿಯುವ ಹಾಳೆ

ಸೋಮವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಮೈಸೂರು ಬಿಟ್ಟೆ. ಅರ್ಧ ಗಂಟೆಯ ಹಾದಿಗೆ ಬಸ್ಸು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ನಾನು ಮೂರು ಸಲ ಸೀಟು ಬದಲಾಯಿಸಿದ್ದೆ. ನಾನು ಒಂದು ಕಡೆ ಕೂರುವವಳಲ್ಲ. ‘ಇವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು’ ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಂಥ ನನಗೆ ನಮ್ಮ ಸಂಸ್ಥೆ ಒಪ್ಪಿಸಿದ್ದ ಕೆಲಸವೆಂದರೆ ದಿನಕ್ಕೆ ಎರಡೂವರೆ ಗಂಟೆ ಅಲ್ಲಾಡದೆ ಕೂರುವುದು.

ನಾನಾಗ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕಡೆ ಪಾಠ ಹೇಳುತ್ತಿದ್ದೆ. ತೊಂಬತ್ತರ ದಶಕದ ನಡುವಿನ ವರ್ಷಗಳು. ಪುಟ್ಟ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದರೆ ಅವರು ಏನು ಕಲಿತಿದ್ದಾರೆಂದು ತಿಳಿಯುವುದಿಲ್ಲ, ದೂರ ಕೂತು ನೋಡಿ ಬರೆಯಬೇಕು ಎಂದು ನಮ್ಮಲ್ಲಿ ಹೊಸ ಉತ್ಸಾಹ ಹುಟ್ಟಿತ್ತು. ಅದಕ್ಕೊಂದು ಹಾಳೆ ಅಚ್ಚು ಹಾಕಿಸಿದ್ದೆವು. ಒಂದು ಊರಿನಲ್ಲಿ ಒಂದು ಮಗು. ಒಂಬತ್ತೂವರೆಯಿಂದ ಹನ್ನೆರಡರವರೆಗೆ, ಐದು ನಿಮಿಷಕ್ಕೊಂದು ಸಾಲು: ಮಗು ಏನು ಮಾಡುತ್ತಿದೆ? ಮಾತನಾಡಿಸುವಂತಿಲ್ಲ, ಎತ್ತಿಕೊಳ್ಳುವಂತಿಲ್ಲ. ಕೊನೆಯಲ್ಲಿ ಎರಡು ಚೌಕ: ಒಂದನೇ ತರಗತಿಗೆ ಸಿದ್ಧ, ಸಿದ್ಧವಿಲ್ಲ. ಹನ್ನೆರಡಕ್ಕೆ ಮಕ್ಕಳಿಗೆ ಉಪ್ಪಿಟ್ಟು. ತಿನ್ನುವುದು ಕಲಿಕೆಯಲ್ಲವೆಂದು ನಾವೇ ಮೈಸೂರಿನ ಫ್ಯಾನಿನ ಕೆಳಗೆ ಕೂತು ತೀರ್ಮಾನಿಸಿದ್ದೆವು.

ನಾಲ್ಕು ದಿನ, ನಾಲ್ಕು ತಾಲ್ಲೂಕು. ಮೂರು ಮಕ್ಕಳನ್ನು ಅಲ್ಲಲ್ಲೇ ಆರಿಸಿಕೊಳ್ಳಬೇಕಿತ್ತು. ನಾಲ್ಕನೆಯದು ಮೊದಲೇ ಗೊತ್ತಾಗಿತ್ತು. ನಾಗಮಂಗಲದಾಚೆಯ ದೇವಲಾಪುರದಿಂದ ನನ್ನ ಹಳೆಯ ವಿದ್ಯಾರ್ಥಿನಿ ಜಯಮ್ಮ ಕಾಗದ ಬರೆದಿದ್ದಳು. ಅವಳ ಅಂಗನವಾಡಿಯಲ್ಲಿ ಭಾಗ್ಯ ಎಂಬ ಹುಡುಗಿ, ಮರಗೆಲಸದ ಪುಟ್ಟಾಚಾರಿಯ ಮಗಳು, ಆರು ತುಂಬಿದೆ, ಬಾಯಿ ಬಿಡುವುದಿಲ್ಲ. ಹೋದ ಜೂನ್‌ನಲ್ಲಿ ಹೆಡ್‌ಮೇಷ್ಟ್ರು ‘ಇನ್ನೊಂದು ವರ್ಷ ಆಗಲಿ’ ಎಂದು ವಾಪಸು ಕಳಿಸಿದ್ದರು. ಈ ಸಲವೂ ಕಳಿಸಿದರೆ ಅವಳನ್ನು ಮನೆಯಲ್ಲೇ ಉಳಿಸಿಕೊಂಡು ಕೈಗೂಸು ನೋಡಿಕೊಳ್ಳಲು ಹಾಕುತ್ತಾರೆ, ಮೇಷ್ಟ್ರು ನಿಮ್ಮ ಹಾಳೆ ನೋಡಿ ಹೇಳುತ್ತೇನೆ ಅಂದಿದ್ದಾರೆ, ದಯವಿಟ್ಟು ಬನ್ನಿ ಎಂದಿತ್ತು ಕಾಗದ. ಒಂದು ಹಾಳೆಯಿಂದ ಒಂದು ಮಗುವಿನ ಶಾಲೆ ನಿಂತುಹೋಗಬಹುದು ಎಂಬುದು ನನಗೆ ತಿಳಿಯದ್ದೇನಲ್ಲ. ಆದರೂ ನಾಲ್ಕು ದಿನದಲ್ಲಿ ನಾಲ್ಕು ಮುಗಿಸಿದರೆ ಸಾಕೆಂಬ ತರಾತುರಿಯೇ ನನ್ನ ತಲೆಯಲ್ಲಿ ತುಂಬಿತ್ತು.

ಶ್ರೀರಂಗಪಟ್ಟಣದಲ್ಲಿ ಕೋಟೆಯೊಳಗಿನ ಒಂದು ಬಾಡಿಗೆ ಕೋಣೆ. ನಾನು ಬಾಗಿಲಲ್ಲಿ ಕಾಣಿಸಿದ್ದೇ ತಡ, ಇಪ್ಪತ್ತೆರಡು ಮಕ್ಕಳು ಎದ್ದು ನಿಂತು ವಾರದ ಹೆಸರು, ತಿಂಗಳ ಹೆಸರು ಒಂದೇ ಉಸಿರಿಗೆ ಒಪ್ಪಿಸಿದವು. ಕೈಯಲ್ಲಿ ಪುಸ್ತಕ ಹಿಡಿದು ಬಂದವರೆಲ್ಲ ತನಿಖೆಯವರು ಎಂಬುದು ಅಲ್ಲಿಯ ನಂಬಿಕೆ. ಅವರನ್ನು ಸುಮ್ಮನಾಗಿಸುವುದರಲ್ಲೇ ಹತ್ತಾಯಿತು. ಹನ್ನೆರಡಕ್ಕೆ ಹಾಳೆ ಮಡಿಚಿದೆ, ಒಂದಕ್ಕೆ ಪಾಂಡವಪುರದ ಬಸ್ಸಿನಲ್ಲಿದ್ದೆ.

ಪಾಂಡವಪುರದ ಹತ್ತಿರ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಬಸ್ಸು ಅವುಗಳ ಹಿಂದೆ ಸಿಕ್ಕಿಕೊಂಡು ಎಂಜಿನ್ ಆರಿಸಿತು. ಗಾಳಿಯಲ್ಲೆಲ್ಲ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ. ಹತ್ತು ನಿಮಿಷ ತಡೆದೆ. ಆಮೇಲೆ ಚೀಲ ಹೆಗಲಿಗೇರಿಸಿ ಇಳಿದೇಬಿಟ್ಟೆ.

“ಎಲ್ಲಿಗೋಯ್ತೀರಿ? ಇನ್ನೆಲ್ಡು ಮೈಲಿ ಅದೆ,” ಎಂದು ಕಂಡಕ್ಟರ್ ಕೂಗಿದ.

“ನಡೀತೀನಿ.”

“ನಡೀರಿ. ನೀವೋಗಿ ಸೇರಾ ಒತ್ಗೆ ನಾವೂ ಅಲ್ಲೇ ಇರ್ತೀವಿ!”

ಅವನು ಹೇಳಿದ್ದೇ ಸರಿಯಾಯಿತು. ಬೆವರಿಳಿಸಿಕೊಂಡು ನಾನು ನಿಲ್ದಾಣ ಮುಟ್ಟಿದಾಗ ಬಸ್ಸು ಆಗಲೇ ಬಂದು ನಿಂತಿತ್ತು. ಆತ ಟೀ ಕುಡಿಯುತ್ತ ನನ್ನನ್ನು ನೋಡಿ ನಕ್ಕ.

ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ಮಂಗಳವಾರ ತೊಣ್ಣೂರಿಗೆ ಹೋದೆ. ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಹಾಳೆ ಹಾರುತ್ತಿತ್ತು. ಅದರ ಮೇಲೆ ಚಪ್ಪಲಿ ಇಟ್ಟು ಬರೆದೆ. ಮುಗಿಸಿ ಎದ್ದಾಗ ಅಲ್ಲಿಯ ಕಾರ್ಯಕರ್ತೆ, “ಇಷ್ಟ್ ದೂರ ಬಂದು ಕೆರೆ ನೋಡ್ದೆ ಓಯ್ತಾರಾ ಮೇಡಂ? ಏನ್ ನೀರು ಅಂತೀರಿ,” ಎಂದು ಒತ್ತಾಯಿಸಿದಳು. ನಾನು ಗಡಿಯಾರ ತೋರಿಸಿದೆ. ಕೆರೆಯನ್ನು ಬಸ್ಸಿನ ಕಿಟಕಿಯಿಂದ ಒಂದು ಗಳಿಗೆ ಕಂಡೆ. ನೀಲಿಯಾಗಿತ್ತು ಎಂಬುದಷ್ಟೇ ನೆನಪು.

ಬುಧವಾರ ಕೆ.ಆರ್. ಪೇಟೆ. ನಾನು ಆರಿಸಿಕೊಂಡ ಹುಡುಗ ಅಮ್ಮ ಬೇಕೆಂದು ಎರಡು ಗಂಟೆ ಅತ್ತ. ‘ಅಳುತ್ತಿದ್ದಾನೆ’ ಎಂದು ಒಂದರ ಕೆಳಗೊಂದು ಬರೆದು ಬರೆದು ನನಗೇ ಅಳು ಬರುವಂತಾಯಿತು. ಕೊನೆಗೆ ‘ಸಿದ್ಧವಿಲ್ಲ’ಕ್ಕೆ ಗುರುತು ಹಾಕಿ ಎದ್ದೆ. ಸಂಜೆ ನಾಗಮಂಗಲದ ಬಸ್ಸು ಹತ್ತಿದಾಗ ಗದ್ದೆಗಳು ಹಿಂದಾದವು, ತೆಂಗು ಮತ್ತು ರಾಗಿ ಕೊಯ್ದ ಬಯಲು ಶುರುವಾಯಿತು. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಕೋಣೆ ಹಿಡಿದೆ. ಬಿಸಿಲು ಇಳಿದ ಮೇಲೂ ಗೋಡೆ ಬಿಸಿಯಾಗಿಯೇ ಇತ್ತು.

ಗುರುವಾರ ಒಂಬತ್ತಕ್ಕೇ ದೇವಲಾಪುರದಲ್ಲಿದ್ದೆ. ಶಾಲೆ, ಅಂಗನವಾಡಿ ಎರಡೂ ಒಂದೇ ಕಾಂಪೌಂಡಿನಲ್ಲಿ. ಜಯಮ್ಮ ಓಡಿಬಂದು ಚೀಲ ಇಸಿದುಕೊಂಡಳು. “ಅಗೋ ಮೇಡಂ, ಅವ್ಳೇ ಭಾಗ್ಯ.” ಹೊಸ್ತಿಲ ಒಳಪಕ್ಕದಲ್ಲಿ, ಗೋಡೆಗೆ ಒರಗಿ, ಮಂಡಿ ತಬ್ಬಿಕೊಂಡು ಒಂದು ಹುಡುಗಿ ಕೂತಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು, ಅಷ್ಟೆ.

ನಾನು ಮೂಲೆಯಲ್ಲಿ ಕೂತು ಬರೆಯತೊಡಗಿದೆ. ಒಂಬತ್ತೂವರೆ: ಬಾಗಿಲ ಬಳಿ ಕೂತಿದ್ದಾಳೆ. ಒಂಬತ್ತು ಮೂವತ್ತೈದು: ಬರುವ ಮಕ್ಕಳನ್ನು ನೋಡುತ್ತಾಳೆ. ಹತ್ತು: ಎಲ್ಲರೂ ಹಾಡುತ್ತಿದ್ದಾರೆ, ಇವಳು ಹಾಡುತ್ತಿಲ್ಲ. ಹತ್ತೂವರೆ: ಬಣ್ಣದ ಮಣಿ ಜೋಡಿಸಲು ಕರೆದರೆ ಏಳಲಿಲ್ಲ. ತಡವಾಗಿ ಬಂದ ಮಗುವಿನತ್ತ ತಿರುಗಿ ನೋಡಿದಳು. ಹನ್ನೊಂದು: ಬಾಗಿಲ ಬಳಿ ಕೂತಿದ್ದಾಳೆ. ನನ್ನ ಕಾಲು ಜೋಮು ಹಿಡಿಯಿತು. ಈ ಮಗು ಏನಾದರೂ ಮಾಡಬಾರದೇ ಎಂದು ಒಳಗೊಳಗೇ ಬೈದುಕೊಂಡೆ. ಹನ್ನೆರಡಕ್ಕೆ ಐದು ನಿಮಿಷವಿರುವಾಗ, ಮನಸ್ಸಿಲ್ಲದಿದ್ದರೂ, ‘ಸಿದ್ಧವಿಲ್ಲ’ಕ್ಕೆ ಗುರುತು ಹಾಕಿದೆ. ಕಂಡದ್ದನ್ನೇ ಬರೆದಿದ್ದೆ. ಬೇರೆ ಏನು ಬರೆಯಬಹುದಿತ್ತು?

ಹೆಡ್‌ಮೇಷ್ಟ್ರು ಕಾದಿದ್ದವರಂತೆ ಬಂದು ಕಾರ್ಬನ್ ಪ್ರತಿ ಕೇಳಿದರು. ಐವತ್ತು ದಾಟಿದವರು, ಬಿಳಿ ಪಂಚೆ, ಕಿಸೆಯಲ್ಲಿ ಎರಡು ಪೆನ್ನು. ಓದಿ, ನಾಲ್ಕಾಗಿ ಮಡಿಚಿ ಇಟ್ಟುಕೊಂಡರು. “ನಾ ಏಳ್ಲಿಲ್ವಾ ಜಯಮ್ಮ?” ಎಂದಷ್ಟೇ ಹೇಳಿ ಹೋದರು. ಜಯಮ್ಮ ನನ್ನ ಮುಖ ನೋಡಲಿಲ್ಲ.

ಹನ್ನೆರಡೂ ಹತ್ತರ ಬಸ್ಸು ಹಿಡಿಯಲು ರಸ್ತೆಗೆ ಓಡಿದೆ. ಅದು ಆಗಲೇ ಹೋಗಿತ್ತು. ಮುಂದಿನದು ಮೂರೂವರೆಗೆ. ನೆರಳಿಲ್ಲದ ಆ ರಸ್ತೆಯಲ್ಲಿ ನಿಲ್ಲಲಾರದೆ ಕಾಲೆಳೆದುಕೊಂಡು ವಾಪಸು ಬಂದೆ.

ಒಳಗೆ ಊಟದ ಹೊತ್ತು. ಮಕ್ಕಳು ಮನೆಯಿಂದ ತರುವ ಸ್ಟೀಲ್ ತಟ್ಟೆಗಳನ್ನು ಬಂದಬಂದಂತೆ ಹೊಸ್ತಿಲ ಪಕ್ಕ ಒಂದರ ಮೇಲೊಂದು ಇಡುವುದು ಅಲ್ಲಿಯ ರೂಢಿ. ಮೂವತ್ತೊಂದು ತಟ್ಟೆ. ಸಹಾಯಕಿ ಸಾಕಮ್ಮ ಉಪ್ಪಿಟ್ಟಿನ ಪಾತ್ರೆ ಹೊತ್ತು ಬರುತ್ತಿದ್ದಳು. ಸುಮ್ಮನೆ ನಿಲ್ಲಲಾಗದ ನಾನು, ಉಪಕಾರ ಮಾಡೋಣವೆಂದು ಮೇಲಿನ ತಟ್ಟೆ ಎತ್ತಿ ಅದರ ಅಂಚಿನಲ್ಲಿ ಕೊರೆದಿದ್ದ ಹೆಸರು ಓದಿದೆ: “ನಂಜೇಗೌಡ!”

ಯಾರೂ ಏಳಲಿಲ್ಲ. ಇನ್ನೊಂದು ಎತ್ತಿದೆ. “ಬೋರಮ್ಮ!” ಮಕ್ಕಳು ಕಿಸಕ್ಕನೆ ನಕ್ಕವು. ಮೂರನೆಯದರ ಮೇಲೆ ‘ಲೇಟ್ ಕಾಳೇಗೌಡರ ಜ್ಞಾಪಕಾರ್ಥ’ ಎಂದಿತ್ತು.

“ಅಯ್ಯೋ ಬುಡಿ ಅಮ್ಮಾರೆ,” ಎಂದಳು ಸಾಕಮ್ಮ. “ಅವೆಲ್ಲ ಮದ್ವೇಲಿ ಮುಯ್ಯಿ, ತಿಥೀಲಿ ದಾನ ಬಂದಿರೋ ತಟ್ಟೆಗಳು. ಕೊಟ್ಟೋರ್ ಎಸ್ರು ಕೊರ್ಸವ್ರೆ. ನಿಮ್ಗೆ ಓದಾಕ್ ಬತ್ತದೆ, ನಂಗೆ ಬರಾಕಿಲ್ಲ. ಇಬ್ರ ಕೈಲೂ ಆಗಾಕಿಲ್ಲ. ಭಾಗ್ಯ, ಬವ್ವ.”

ಹೊಸ್ತಿಲ ಹುಡುಗಿ ಎದ್ದಿತು. ನನ್ನ ಕೈಯಿಂದ ಮೂರೂ ತಟ್ಟೆ ತೆಗೆದುಕೊಂಡು, ನಾನು ಕಲಸಿದ್ದನ್ನು ಸರಿಪಡಿಸಿಕೊಂಡು, ಹಂಚತೊಡಗಿತು. ಒಂದೊಂದು ತಟ್ಟೆಗೂ ಒಂದು ನೋಟ, ನೇರ ಆ ಮಗುವಿನ ಮುಂದೆ. ಒಂದೇ ಅಂಗಡಿಯಲ್ಲಿ ಕೊಂಡಂತಿದ್ದ ತಟ್ಟೆಗಳು. ಒಂದು ಕಡೆ ಮಾತ್ರ ತಡೆದು ಎರಡು ತಟ್ಟೆ ಅದಲು ಬದಲು ಮಾಡಿತು. ಅವು ಅಕ್ಕತಂಗಿಯರವು. ಮೂವತ್ತನೆಯದನ್ನೂ ಹಂಚಿ, ಕೊನೆಗೆ ತನ್ನದನ್ನು ಹಿಡಿದು ಕೂತಿತು.

ನಾನು ಪೆಟ್ಟು ತಿಂದವಳಂತೆ ನಿಂತಿದ್ದೆ. ಎರಡೂವರೆ ಗಂಟೆ ಆ ಹುಡುಗಿ ಮಾಡುತ್ತಿದ್ದುದು ಇದನ್ನೇ. ಯಾರು ಬಂದರು, ಯಾವ ತಟ್ಟೆ ಇಟ್ಟರು ಎಂದು ನೋಡಿಕೊಳ್ಳುತ್ತಿತ್ತು. ನಾನೂ ಅದನ್ನು ಕಂಡಿದ್ದೆ, ಬರೆದೂ ಇದ್ದೆ, ತಿಳಿದಿರಲಿಲ್ಲ.

“ಇದನ್ನ ಯಾಕೆ ಹೇಳಲಿಲ್ಲ ಜಯಮ್ಮ?”

“ತಟ್ಟೆ ಅಂಚೋದೂ ಕಲಿಕೇನಾ ಮೇಡಂ? ನೀವೇ ಅಲ್ವಾ ಊಟ ಸೇರ್ಸ್‌ಬೇಡಿ ಅಂತ ಪಾಠ ಮಾಡಿದ್ದು?”

ಸೀದಾ ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ ಹಾಳೆ ವಾಪಸು ಕೇಳಿದೆ. ಅವರು ಕಿಸೆಯ ಮೇಲೆ ಕೈ ಇಟ್ಟುಕೊಂಡರು.

“ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದಾ ಮೇಡಂ? ಸೈನು ನಿಮ್ದೇ ತಾನೆ?”

“ನನ್ನದೇ. ಊಟ ಬಿಟ್ಟು ಅರ್ಧ ನೋಡಿ ಬರೆದೆ, ತಪ್ಪಾಯಿತು. ಅವಳು ತಟ್ಟೆ ಹಂಚುವುದನ್ನು ನೀವೇ ಒಂದು ಸಲ ಬಂದು ನೋಡಿ.”

“ನಾಳೆ ಊಟದ ಒತ್ಗೆ ಬತ್ತೀನಿ. ನೀವ್ ಇರ್ತೀರಾ? ಇಲ್ಲ, ಬಸ್ಸಿಗೆ ಓಡ್ತೀರಾ?”

“ಇರ್ತೀನಿ,” ಎಂದೆ.

ಸಂಜೆ ನಾಗಮಂಗಲದ ಎಸ್‌ಟಿಡಿ ಬೂತಿನಿಂದ ನಮ್ಮ ಪ್ರಿನ್ಸಿಪಾಲರಿಗೆ ಫೋನು ಮಾಡಿದೆ. ಶುಕ್ರವಾರ ನಾಲ್ಕೂ ಹಾಳೆ ಮೇಜಿನ ಮೇಲಿರಬೇಕೆಂದು ಅವರು ಗದರಿದರು. ಉಳಿದ ಮೂರು ಹಾಳೆ ನನ್ನ ಕೈಯಲ್ಲಿದ್ದವು. ಮೂರರ ಕೊನೆಯ ಸಾಲೂ ಒಂದೇ: ಹನ್ನೆರಡು ಗಂಟೆ, ಊಟ, ವೀಕ್ಷಣೆ ಮುಗಿಯಿತು. ಬೂತಿನ ಗಾಜಿಗೆ ಒತ್ತಿಹಿಡಿದು ಮೂರರ ಮೇಲೂ ಅಡ್ಡಗೆರೆ ಎಳೆದೆ. “ಇವೂ ಆಗಿಲ್ಲ ಸಾರ್, ಮತ್ತೆ ಹೋಗಬೇಕು,” ಎಂದೆ. ಆ ಕಡೆ ಫೋನು ಕುಕ್ಕಿದ ಸದ್ದಾಯಿತು. ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು.

ಶುಕ್ರವಾರ ಜಯಮ್ಮ ಭಾಗ್ಯಳಿಗೆ ಹೂ ಮುಡಿಸಿ, ಮೇಷ್ಟ್ರು ಕೂರುವ ಕುರ್ಚಿಯ ಎದುರು, ಮುಂದಿನ ಚಾಪೆಯಲ್ಲಿ ಕೂರಿಸಿದ್ದಳು. ಅಲ್ಲಿಂದ ಬಾಗಿಲು ಕಾಣುವುದಿಲ್ಲ. ಮೊದಲ ಮಗು ತಟ್ಟೆ ಇಟ್ಟ ಸದ್ದಿಗೆ ಭಾಗ್ಯ ಕೂತಲ್ಲೇ ಹಿಂದಕ್ಕೆ ಜರುಗಿತು. ಜಯಮ್ಮ ಎಳೆದು ಕೂರಿಸಿದಳು. ಮತ್ತೆ ಜರುಗಿತು. “ಬಿಡಿ ಜಯಮ್ಮ,” ಎಂದೆ, ಹಾಳೆಯ ನಿಯಮ ಮುರಿದು. ಗೇಣು ಗೇಣಾಗಿ ಹಿಂದೆ ಸರಿದು ಹುಡುಗಿ ಹೊಸ್ತಿಲು ಸೇರಿಕೊಂಡಿತು.

ಹನ್ನೆರಡಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಎಲ್ಲರೂ ನಮಸ್ಕಾರ ಹೇಳುವ ಗಲಾಟೆಯಲ್ಲಿ, ಅವರು ಪಂಚೆಯ ಮರೆಯಲ್ಲಿ ತಂದಿದ್ದ ತಮ್ಮದೇ ತಟ್ಟೆಯನ್ನು ರಾಶಿಯ ನಡುವೆ ತುರುಕಿದ್ದನ್ನು ನಾನು ಕಂಡೆ. ಸಿಟ್ಟು ಬಂತು. ಹೇಳುವಂತಿರಲಿಲ್ಲ.

ಭಾಗ್ಯ ಹಂಚತೊಡಗಿತು. ಐದು, ಹತ್ತು, ಹದಿನಾಲ್ಕು. ಮುಂದಿನದನ್ನು ಎತ್ತಿ ನಿಂತಿತು. ತಿರುಗಿಸಿ ನೋಡಿತು. ಕೂತಿದ್ದ ಮಕ್ಕಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿತು. ಸಾಕಮ್ಮನ ಸೌಟು ಪಾತ್ರೆಯಲ್ಲೇ ನಿಂತಿತು.

“ಇದು ನಮ್ದಲ್ಲ,” ಎಂದಿತು ಭಾಗ್ಯ.

ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ದನಿ ಸ್ವಲ್ಪ ಒರಟಾಗಿತ್ತು. ಆ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಉಳಿದವನ್ನು ಹಂಚಿ ಮುಗಿಸಿತು. ಎಲ್ಲರ ಮುಂದೆಯೂ ಒಂದೊಂದು ತಟ್ಟೆ. ಆಮೇಲೆ ಬರಿಗೈಯಲ್ಲಿ ನಿಂತಿದ್ದ ಇಬ್ಬರನ್ನು, ನನ್ನನ್ನು ಮತ್ತು ಮೇಷ್ಟ್ರನ್ನು, ಒಂದು ಗಳಿಗೆ ನೋಡಿತು. ಕಿಟಕಿಯಿಂದ ತಟ್ಟೆ ತಂದು ಮೇಷ್ಟ್ರ ಕೈಗೆ ಕೊಟ್ಟಿತು.

ಮೇಷ್ಟ್ರು ತಟ್ಟೆ ಹಿಡಿದು ನಿಂತೇ ಇದ್ದರು. ಬಳಿಕ ಪಂಚೆ ಎತ್ತಿಕಟ್ಟಿ ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕೂತರು. “ಆಕು ಸಾಕಮ್ಮ,” ಎಂದರು. ತಿಂದು ಕೈ ತೊಳೆದು ನನ್ನತ್ತ ತಿರುಗಿ, “ಬರ್ಕಂಡ್ರಾ ಮೇಡಂ?” ಎಂದರು.

ಹಾಳೆ ಖಾಲಿಯಿತ್ತು. ನೋಡುತ್ತ ನೋಡುತ್ತ ಒಂದಕ್ಷರವನ್ನೂ ಬರೆದಿರಲಿಲ್ಲ.

“ಕೊಡಿ ಇತ್ಲಾಗೆ.” ಹನ್ನೆರಡು ಗಂಟೆಯ ಸಾಲಿನ ಕೆಳಗೆ, ಹಾಳೆಯಲ್ಲಿ ಜಾಗವೇ ಇಲ್ಲದ ಕಡೆ, ದುಂಡು ಅಕ್ಷರದಲ್ಲಿ ಬರೆದರು: ‘ತಪ್ಪಿಲ್ಲದೆ ಮೂವತ್ತೊಂದು. ಮೋಸ ಮಾಡಲು ನೋಡಿದ್ದು ಒಂದು, ಅದನ್ನೂ ಹಿಡಿದಳು.’ ಕೆಳಗೆ ತಮ್ಮ ಸಹಿ ಹಾಕಿದರು. ಚೌಕಕ್ಕೆ ಗುರುತು ಹಾಕದೆ ಪೆನ್ನು ನನ್ನ ಕೈಗಿತ್ತರು. “ಇದು ನೀವಾಕಿ. ಜಯಮ್ಮ, ಪುಟ್ಟಾಚಾರಿಗೆ ಏಳು, ಜೂನ್ ಮೊದಲನೇ ದಿನ ಮಗೀನ ಕರ್ಕಂಡ್ ಬರ್ಲಿ.” ನಿನ್ನೆಯ ಹಾಳೆಯನ್ನು ಕಿಸೆಯಿಂದ ತೆಗೆದು ನನ್ನ ಮುಂದಿಟ್ಟು ಹೋದರು. ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನೂ ಒರೆಸಿಕೊಂಡೆ, ಮುಚ್ಚಿಡುವುದೇನು.

ಮೂರೂವರೆಯ ಬಸ್ಸು ನಾಲ್ಕಕ್ಕೆ ಬಂತು. ಹತ್ತಿ ಒಂದು ಸೀಟಿನಲ್ಲಿ ಕೂತೆ. ಅಲ್ಲಿ ಬಿಸಿಲು ಹೊಡೆಯುತ್ತಿತ್ತು, ಎದ್ದು ಆಚೆ ಪಕ್ಕಕ್ಕೆ ಹೋದೆ. ಅಲ್ಲಿ ಕಿಟಕಿ ಸರಿಯಲಿಲ್ಲ, ಹಿಂದಕ್ಕೆ ಬಂದು ಕೂತೆ. ಹೊರಗೆ ಕಾಂಪೌಂಡಿನ ಗೇಟಿನ ಬಳಿ ಭಾಗ್ಯ ತನ್ನ ತಟ್ಟೆ ಹಿಡಿದು ನಿಂತಿದ್ದಳು. ಕೈ ಬೀಸಿದೆ. ಅವಳು ಬೀಸಲಿಲ್ಲ, ನೋಡುತ್ತಿದ್ದಳು. ಬಸ್ಸು ತಿರುವು ದಾಟುವವರೆಗೂ ನಾನು ಹಿಂತಿರುಗಿ ನೋಡುತ್ತಲೇ ಇದ್ದೆ. ನಾನು ಎಷ್ಟು ಸಲ ಸೀಟು ಬದಲಾಯಿಸಿದೆ ಎಂಬುದನ್ನು ಆ ಹುಡುಗಿ ಖಂಡಿತ ನೋಡಿಕೊಂಡಿದ್ದಳು.