ಉಪ್ಪು ತಾಗದ ಬುಲೆಟ್ಟು

ಕಾಪುವಿನ ಕಡಲ ಬದಿಯಲ್ಲಿರುವ ಕೂಸಪ್ಪನ ಮನೆಯ ಬಚ್ಚಲ ಹೊರಗೋಡೆಗೆ ಮೂರು ನಂಬರ್ ಪ್ಲೇಟುಗಳನ್ನು ಮೊಳೆ ಹೊಡೆದು ಸಿಕ್ಕಿಸಲಾಗಿದೆ. ಬೇರೆಯವರ ಮನೆಯಲ್ಲಿ ತೀರಿಹೋದ ಹಿರಿಯರ ಫೋಟೋ ಇರುತ್ತದಲ್ಲ, ಹಾಗೆ. ಮೊದಲನೆಯದು ಎಂ-80, ಎರಡನೆಯದು ರಾಜದೂತ್, ಮೂರನೆಯದು ಹೀರೋ ಹೋಂಡಾ. ಮೂರೂ ಸತ್ತದ್ದು ಒಂದೇ ಕಾಯಿಲೆಯಿಂದ, ತುಕ್ಕು ಹಿಡಿದು.

ಕೂಸಪ್ಪನದು ಮೀನಿನ ವ್ಯಾಪಾರ. ಬೆಳಕು ಹರಿಯುವ ಮೊದಲು ಮಲ್ಪೆ ಬಂದರಿಗೆ ಹೋಗಿ, ಹರಾಜಿನಲ್ಲಿ ಬೂತಾಯಿಯೋ ಬಂಗುಡೆಯೋ ಸಿಕ್ಕಿದ್ದನ್ನು ಹಿಡಿದು, ಬೈಕಿನ ಹಿಂದಿನ ಪೆಟ್ಟಿಗೆಯಲ್ಲಿ ಐಸಿನೊಂದಿಗೆ ತುಂಬಿಕೊಂಡು ಹೊರಡುತ್ತಾನೆ. ಉಡುಪಿ, ಮಣಿಪಾಲ ದಾಟಿ, ಹಿರಿಯಡ್ಕ, ಬೈಲೂರುಗಳ ಮನೆಮನೆಯೆದುರು ಹಾರ್ನ್ ಬಾರಿಸುತ್ತಾ ಕಾರ್ಕಳ ಮುಟ್ಟುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಆಮೇಲೆ ಬೆಳ್ಮಣ್, ಶಿರ್ವದ ದಾರಿಯಾಗಿ ಮನೆ. ಈ ದಾರಿಯುದ್ದಕ್ಕೂ ಐಸು ಕರಗಿ, ಮೀನಿನ ರಕ್ತ ಮತ್ತು ಉಪ್ಪು ಕೂಡಿದ ನೀರು ಹನಿಹನಿಯಾಗಿ ಚೈನಿನ ಮೇಲೆ, ರಿಮ್ಮಿನ ಮೇಲೆ, ಸೈಲೆನ್ಸರಿನ ಮೇಲೆ ಬೀಳುತ್ತಿರುತ್ತದೆ. ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ವಿಷ ಇನ್ನೊಂದಿಲ್ಲ.

ಬೈಕನ್ನು ಕೇವಲ ದುಡಿಮೆಯ ಗಾಡಿ ಎಂದುಕೊಂಡವನಿಗೆ ಇದೆಲ್ಲ ದೊಡ್ಡ ಸಂಗತಿಯಲ್ಲ. ನಾಲ್ಕೈದು ವರ್ಷ ಓಡಿಸಿ ಗುಜರಿಗೆ ಹಾಕಿ ಇನ್ನೊಂದು ತಂದರಾಯಿತು. ಆದರೆ ಈ ಮನುಷ್ಯನಿಗೆ ಬೈಕೆಂದರೆ ಪ್ರಾಣ. ಮನೆಯೊಳಗೆ ಊಟಕ್ಕೆ ಕೂತಿದ್ದರೂ ರಸ್ತೆಯಲ್ಲಿ ಹೋದದ್ದು ಯಾವ ಗಾಡಿ, ಅದರ ಚೈನು ಸಡಿಲವಿದೆಯೋ ಇಲ್ಲವೋ ಎಂದು ಹೇಳಬಲ್ಲ. ದಿನಾ ಮಧ್ಯಾಹ್ನ ಬಂದವನೇ ಬಾವಿಯ ಸಿಹಿನೀರು ಸೇದಿ ಬೈಕಿಗೆ ಸ್ನಾನ ಮಾಡಿಸಬೇಕು, ಒಣಬಟ್ಟೆಯಲ್ಲಿ ಒರೆಸಬೇಕು, ಸೀಮೆಎಣ್ಣೆಗೆ ತೆಂಗಿನೆಣ್ಣೆ ಬೆರೆಸಿ ಸಂದುಗೊಂದಿಗೆಲ್ಲ ಉಜ್ಜಬೇಕು. ಅದಾದ ಮೇಲೆ ತನ್ನ ಸ್ನಾನ.

"ನನ್ನ ತಲೆಗೆ ಹಾಕ್ಲಿಕ್ಕೆ ಎಣ್ಣೆ ಇಲ್ಲ, ಗಾಡಿಗೆ ಮಾಲೀಸು ಬೇರೆ" ಎಂದು ಹೆಂಡತಿ ವಾರಿಜಾ ಗೊಣಗುತ್ತಿದ್ದಳು.

ಇಷ್ಟೆಲ್ಲ ಮಾಡಿ ಏನು ಬಂತು? ರಾಜದೂತ್ ಒಂದು ದಿನ ಬೈಲೂರಿನ ಏರಿನಲ್ಲಿ, ತುಂಬಿದ ಪೆಟ್ಟಿಗೆಯ ಭಾರಕ್ಕೆ, ಚಾಸಿಯೇ ತುಂಡಾಗಿ ಎರಡು ಭಾಗವಾಯಿತು. ಒಳಗೊಳಗೇ ತುಕ್ಕು ತಿಂದು ಹಪ್ಪಳವಾಗಿತ್ತು. ಮೀನೆಲ್ಲ ರಸ್ತೆಯ ಪಾಲು. ಜನ ಓಡಿಬಂದು ಬಂಗುಡೆ ಹೆಕ್ಕಿಕೊಟ್ಟರು, ಅಯ್ಯೋ ಪಾಪ, ಎಷ್ಟು ಮೀನು ಹಾಳಾಯಿತು ಎಂದರು. ಹ್ಯಾಂಡಲ್ ಹಿಡಿದು ರಸ್ತೆಬದಿ ಕೂತವನ ಹತ್ತಿರ, ಎಂಥ ಬೈಕು ಹೋಯಿತಲ್ಲ ಎಂದು ಒಬ್ಬನೇ ಒಬ್ಬ ಹೇಳಲಿಲ್ಲ. ಆ ಸಿಟ್ಟು ಕೂಸಪ್ಪನಿಗೆ ಇನ್ನೂ ಇಳಿದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಈ ಯಾವ ಬೈಕಿನ ಮೇಲೂ ವಾರಿಜಾ ಒಂದು ದಿನವೂ ಕೂತದ್ದಿಲ್ಲ. ಕೂರುವುದೆಲ್ಲಿ? ಬೈಕು ಬಂದ ಮರುದಿನವೇ ಹಿಂದಿನ ಸೀಟು ಕಿತ್ತು, ಪೆಟ್ಟಿಗೆ ನಿಲ್ಲಿಸಲು ಕಬ್ಬಿಣದ ಕಟ್ಟು ವೆಲ್ಡ್ ಮಾಡಿಸುವುದು ವಾಡಿಕೆ. ಅವಳೂ ಕಾಪು ಪೇಟೆಯ ಮೀನು ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಕೂರುವವಳು. ತವರಿಗೆ ಹೋಗಬೇಕಾದರೆ ಬಸ್ಸು, ಮದುವೆಗೆ ಹೋಗಬೇಕಾದರೆ ಬಸ್ಸು. ಅವಳು ಬಸ್ಸಿನಲ್ಲಿ, ಗಂಡ ಬಸ್ಸಿನ ಹಿಂದೆ ಬೈಕಿನಲ್ಲಿ. ಹೀಗೇ ಮೂವತ್ತು ವರ್ಷ ಹೋಯಿತು.

ಆಮೇಲೆ ಬಂದದ್ದು ಬುಲೆಟ್ಟು. ಅಷ್ಟು ಹೊತ್ತಿಗೆ ಮೀನಿನ ಕೆಲಸಕ್ಕೊಂದು ಟಿವಿಎಸ್ ಇತ್ತು. ಮಣಿಪಾಲದ ಏರಿನ ಪಕ್ಕದ ಒಂದು ಗೇಟಿನೊಳಗೆ ನಿಂತಿರುತ್ತಿದ್ದ ಕಪ್ಪು ಬುಲೆಟ್ಟನ್ನು ಕೂಸಪ್ಪ ದಿನಾ ನೋಡುತ್ತಾ ಹೋಗುವವನು, ಅದಕ್ಕಾಗಿಯೇ ಅಲ್ಲಿ ವೇಗ ಇಳಿಸುವವನು. ಕಲಿಕೆ ಮುಗಿಸಿ ಊರಿಗೆ ಹೊರಟ ಅದರ ಒಡೆಯ, ಗೇಟಿಗೆ 'ಮಾರಾಟಕ್ಕಿದೆ' ಎಂದು ರಟ್ಟು ತೂಗಿಹಾಕಿದ. ಕೂಸಪ್ಪ ಪೆಟ್ಟಿಗೆಯ ಮೀನನ್ನು ಬಿಸಿಲಿಗೆ ಬಿಟ್ಟು ಒಳಗೆ ಹೋದ. ಹೊರಗೆ ಬಂದಾಗ ಬುಲೆಟ್ಟು ಅವನದಾಗಿತ್ತು.

"ಇದಕ್ಕೆ ಪೆಟ್ಟಿಗೆ ಇಲ್ಲ. ಮೀನು ಇದರ ಹತ್ತಿರ ಬರ್ಲಿಕ್ಕಿಲ್ಲ. ಹಿಂದಿನ ಸೀಟು ನಿನಗೆ" ಎಂದ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ.

ವಾರಿಜಾ ಸೀಟನ್ನೊಮ್ಮೆ ಒತ್ತಿ ನೋಡಿದಳು. "ಮೆತ್ತಗೆ ಉಂಟು" ಎಂದಳು. ಅಷ್ಟಮಿಗೆ ಇಬ್ಬರೂ ಉಡುಪಿಗೆ ಹೋಗುವುದೆಂದು ಮಾತಾಯಿತು. ಅವಳು ಅಕ್ಕಪಕ್ಕದ ಬುಟ್ಟಿಯವರಿಗೆಲ್ಲ ಹೇಳಿಬಿಟ್ಟಳು.

ಅಷ್ಟಮಿಗೆ ಇನ್ನೂ ದಿನ ಇರುವಾಗಲೇ ಕೂಸಪ್ಪ ಒಂದು ಬೆಳಿಗ್ಗೆ ಮುಂದಿನ ಚಕ್ರದ ಕಡ್ಡಿಯಲ್ಲಿ ಸಾಸಿವೆಯಷ್ಟು ದೊಡ್ಡ ಕಂದು ಚುಕ್ಕೆ ಕಂಡ. ಉಗುರಿನಿಂದ ಕೆರೆದರೆ ಹೋಗಲಿಲ್ಲ. ಮೀನಿನ ನೀರು ತಾಗಿಲ್ಲ, ಪೆಟ್ಟಿಗೆ ಇಲ್ಲ, ಮತ್ತೆ ಎಲ್ಲಿಂದ ಬಂತು? ತಲೆ ಎತ್ತಿದರೆ ಎದುರಿಗೇ ಕಡಲು. ಗಾಳಿಯೇ ಉಪ್ಪು! ಹುಟ್ಟಿದಾಗಿನಿಂದ ಮೂಗಿಗೆ ಎಳೆದುಕೊಂಡ ಗಾಳಿಯನ್ನು ಅವನು ಮೊದಲ ಸಲ ಬಾಯಿಗೆ ಬಂದಂತೆ ಬೈದ.

ಕಡಲಿನಿಂದ ದೂರ ಎಂದರೆ ಅವನಿಗೆ ಗೊತ್ತಿದ್ದದ್ದು ಕಾರ್ಕಳ. ಅಲ್ಲಿ ಅತ್ತೂರು ರಸ್ತೆಯಲ್ಲಿ ವಿಲ್ಫ್ರೆಡ್ ಎಂಬ ಹಳೆಯ ಗಿರಾಕಿ. ಕಾರು ಮಾರಿದ ಮೇಲೆ ಅವನ ಶೆಡ್ಡು ಖಾಲಿ ಬಿದ್ದಿತ್ತು. ಬುಲೆಟ್ಟು ಅಲ್ಲಿಗೆ ಹೋಯಿತು. ಬಾಡಿಗೆಯೆಂದರೆ ಆಗಾಗ ಅಂಜಲ್ ಮೀನಿನ ನಡುತುಂಡು.

ಅಂದಿನಿಂದ ನಡೆದದ್ದನ್ನು ನೋಡಿದವರು ನಗಬೇಕೋ ಅಳಬೇಕೋ ತಿಳಿಯದಾದರು. ಮೀನು ಮಾರಿ ಮುಗಿಸಿ ಕೂಸಪ್ಪ ವಿಲ್ಫ್ರೆಡ್‌ನ ಗೇಟಿನ ಹೊರಗೆ ಟಿವಿಎಸ್ ನಿಲ್ಲಿಸುತ್ತಾನೆ. ಒಳಗೆ ತಂದರೆ ಹನಿ ಬೀಳುತ್ತದಲ್ಲ. ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆಯುತ್ತಾನೆ, ಚೀಲದಿಂದ ಬೇರೆ ಅಂಗಿ ತೆಗೆದು ತೊಡುತ್ತಾನೆ, ಆಮೇಲೆ ಬುಲೆಟ್ಟಿಗೆ ಮುಚ್ಚಿದ ಬೆಡ್‌ಶೀಟು ಸರಿಸುತ್ತಾನೆ. ಕಿಕ್ ಹೊಡೆದು, ಕಣ್ಣುಮುಚ್ಚಿ ಸ್ವಲ್ಪ ಹೊತ್ತು ಸದ್ದು ಕೇಳುತ್ತಾನೆ. ಆನೆಕೆರೆಗೆ ಒಂದು ಸುತ್ತು. ತಿರುಗಿ ಬಂದು ಮುಚ್ಚಿಟ್ಟು, ಹಳೇ ಅಂಗಿ ತೊಟ್ಟು, ಟಿವಿಎಸ್ಸಿನಲ್ಲಿ ಮನೆಗೆ.

ಅಷ್ಟಮಿಗೆ ವಾರಿಜಾ ಬಸ್ಸಿನಲ್ಲೇ ಹೋಗಿ ಬಂದಳು. "ಎಂತ ವಾರಿಜಕ್ಕ, ಬುಲೆಟ್ ಎಲ್ಲಿ?" ಎಂದು ಕೇಳಿದವರಿಗೆ, "ನನ್ನ ಸೀಟು ಕಾರ್ಕಳದಲ್ಲಿ ಉಂಟು ಮಾರಾಯ್ತಿ, ನಾನು ಇಲ್ಲಿ" ಎಂದು ನಗಾಡಿದಳು. ನಗಾಡುವುದು ಕೂಸಪ್ಪನ ಕಿವಿಗೂ ಬಿತ್ತು. ಅವನಿಗೆ ಸಂಕಟವಾಯಿತು. ಕೊಟ್ಟ ಮಾತು ಕೊಟ್ಟದ್ದೇ. ಆದರೆ ಬುಲೆಟ್ಟನ್ನು ಕಾಪುವಿಗೆ ತರುವುದೆಂದರೆ ಅವನಿಗೆ ಕೈಕಾಲು ಆಡುವುದಿಲ್ಲ. ಕೊನೆಗೊಂದು ದಾರಿ ಹೊಳೆಯಿತು.

"ನೀನೇ ಶುಕ್ರವಾರ ಕಾರ್ಕಳಕ್ಕೆ ಬಾ. ಬಸ್ಸು ಹೇಗೂ ಉಂಟಲ್ವಾ? ಅಲ್ಲಿಂದ ಹೆಬ್ರಿವರೆಗೆ ಹೋಗಿ ಬರುವಾ."

"ಬೈಕಿನಲ್ಲಿ ಕೂರ್ಲಿಕ್ಕೆ ಬಸ್ಸಿನಲ್ಲಿ ಬರುವುದಾ?" ಎಂದಳು. ಆದರೂ ಒಪ್ಪಿದಳು.

ಶುಕ್ರವಾರ ಅವಳು ಮದುವೆಗಳಿಗೆ ಉಡುವ ಹಸಿರು ಸೀರೆ ಉಟ್ಟೇ ಮಾರ್ಕೆಟಿಗೆ ಬಂದಿದ್ದಳು. ಬೇಗ ಮಾರಿ ಮುಗಿಸಿ ಬಸ್ಸು ಹತ್ತುವ ಅಂದಾಜು. ಕೊನೆಯ ಗಳಿಗೆಯಲ್ಲಿ ಒಬ್ಬ ಗಿರಾಕಿ ಮೀನು ಕತ್ತರಿಸಿಯೇ ಕೊಡಬೇಕೆಂದು ಹಟ ಹಿಡಿದ. ಮೆಟ್ಟುಕತ್ತಿಯೆದುರು ಕೂತಾಗ ಸೀರೆಯ ಅಂಚು ಬುಟ್ಟಿಯಡಿಯ ನೀರಿಗೆ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ತಲೆಗೆ ಮಲ್ಲಿಗೆ ಸಿಕ್ಕಿಸಿಕೊಂಡು ಓಡಿದಳು.

ವಿಲ್ಫ್ರೆಡ್‌ನ ಅಂಗಳಕ್ಕೆ ಅವಳು ಬಂದಾಗ ಕೂಸಪ್ಪ ಬುಲೆಟ್ಟನ್ನು ಹೊರಗೆ ತೆಗೆದು, ಕನ್ನಡಿಯ ಹಾಗೆ ಒರೆಸಿ ನಿಲ್ಲಿಸಿದ್ದ. ಅವಳು ನೇರ ಗಾಡಿಯ ಹತ್ತಿರ ಬಂದು ಸೀಟಿನ ಮೇಲೆ ಕೈಯಿಟ್ಟಳು. ಮುಖದಲ್ಲಿ ನಗು ತುಂಬಿತ್ತು. ಕೂಸಪ್ಪನ ಕಣ್ಣು ಮಾತ್ರ ಹೋದದ್ದು ಕೆಳಗೆ, ಸೀರೆಯಂಚಿಗೆ.

"ಒದ್ದೆ ಉಂಟಲ್ಲ. ಮೀನಿನ ನೀರಾ? ನಲ್ಲಿಯಲ್ಲಿ ಸ್ವಲ್ಪ ತೊಳೆದು ಬಾ, ಗಾಡಿಗೆ ತಾಗ್ತದೆ."

ಮಾತು ಬಾಯಿಯಿಂದ ಜಾರಿದ ಮೇಲೆ ಹಿಂದೆ ಎಳೆದುಕೊಳ್ಳಲು ಬರುವುದಿಲ್ಲ. ವಾರಿಜಾ ಸೀರೆಯಂಚನ್ನು ನೋಡಿಕೊಂಡಳು. ಸೀಟಿನಿಂದ ಕೈ ತೆಗೆದಳು.

"ಹೌದು, ಮೀನಿನ ನೀರೇ. ಇಷ್ಟು ವರ್ಷ ಅದೇ ನೀರಿನ ಅನ್ನ ತಾನೇ ಉಂಡದ್ದು ನೀವು?" ಎಂದಳು. ದನಿ ಏರಲಿಲ್ಲ. "ಬರ್ತೇನೆ ವಿಲ್ಲಿಯಣ್ಣ" ಎಂದು ಜಗಲಿಯಲ್ಲಿ ಕೂತಿದ್ದ ವಿಲ್ಫ್ರೆಡ್‌ಗೆ ಹೇಳಿ, ಬಂದ ದಾರಿ ಹಿಡಿದಳು.

"ಎಂತ ಮನುಷ್ಯ ಮಾರಾಯ ನೀನು!" ಎಂದ ವಿಲ್ಫ್ರೆಡ್. "ಹೋಗು, ಬೇಗ ಹೋಗು!"

ಕೂಸಪ್ಪ ಓಡಿದ. ಅಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು. ಆದರೆ ಯಾವ ಗಾಡಿ ತೆಗೆದ ನೋಡಿ! ಬುಲೆಟ್ಟಿನಲ್ಲಿ ಹೋಗಿದ್ದರೆ ಬಸ್ಸನ್ನು ನಿಟ್ಟೆ ಮುಟ್ಟುವ ಮೊದಲೇ ಹಿಡಿಯಬಹುದಿತ್ತು. ಆದರೆ ಬಸ್ಸು ಹೋಗುವುದು ಕಾಪುವಿಗೆ, ಉಪ್ಪಿನ ಗಾಳಿಗೆ. ಆ ಗಳಿಗೆಯಲ್ಲೂ ಅವನ ಕಾಲು ಗೇಟಿನ ಹೊರಗಿದ್ದ ಟಿವಿಎಸ್ಸಿನ ಕಡೆಗೇ ಹೋಯಿತು. ಖಾಲಿ ಪೆಟ್ಟಿಗೆ ಗಡಗಡ ಕುಣಿಸುತ್ತಾ, ಹೊಗೆ ಕುಡಿಯುತ್ತಾ ಬೆಳ್ಮಣ್ ದಾಟುವವರೆಗೂ ಬಸ್ಸಿನ ಹಿಂದೆಯೇ ಹೋದ. ಹಿಂಬದಿಯ ಕಿಟಕಿಯಲ್ಲಿ ಅವಳ ಮಲ್ಲಿಗೆ ಕಾಣುತ್ತಿತ್ತು. ಅವಳು ಒಮ್ಮೆಯೂ ತಿರುಗಲಿಲ್ಲ. ಶಿರ್ವದ ಏರಿನಲ್ಲಿ ಬಸ್ಸು ಕಣ್ಮರೆಯಾಯಿತು.

ಮನೆಯಲ್ಲಿ ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ವಾರಿಜಾ ಅನ್ನ ಬಡಿಸಿದಳು, ಸಾರು ಬೇಕೇ ಎಂದು ಕೇಳಿದಳು. ಬೈಕಿನ ಸುದ್ದಿಯನ್ನೇ ಎತ್ತಲಿಲ್ಲ. ಟಿವಿಎಸ್ಸಿಗೆ ಎಣ್ಣೆ ಉಜ್ಜುವಾಗ ಗೊಣಗುವುದನ್ನೂ ಬಿಟ್ಟಳು. ಆ ಗೊಣಗು ಇಲ್ಲದ ಅಂಗಳ ಅವನಿಗೆ ಹಿಡಿಸಲೇ ಇಲ್ಲ. ಅವಳ ಮೇಲೆ ಸಿಟ್ಟು ಬಂತು: ಒಂದು ಮಾತಿಗೆ ಇಷ್ಟಾ? ತನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಬೈಕನ್ನಾದರೂ ಉಪ್ಪಿನಿಂದ ಉಳಿಸಿಕೊಳ್ಳುತ್ತೇನೆಂದು ಹೊರಟರೆ ಹೆಂಡತಿಯೇ ಉಪ್ಪಿನ ಕಡೆಯವಳಾಗಿಬಿಟ್ಟಳಲ್ಲ! ಇದೆಂಥ ಬಾಳು?

"ಆದಿತ್ಯವಾರ ಹೋಗುವಾ?" ಎಂದು ಕೇಳಿದ ಒಂದು ಸಲ.

"ನನ್ನ ಸೀರೆ ಆದಿತ್ಯವಾರವೂ ಒದ್ದೆಯೇ" ಎಂದಳು.

ಕಾರ್ಕಳದ ಶೆಡ್ಡಿನಲ್ಲಿ ಈಗ ಕಿಕ್ ಹೊಡೆದರೆ ಸದ್ದು ಮೊದಲಿನಂತೆ ಕೇಳುತ್ತಿರಲಿಲ್ಲ. ಎಂಜಿನ್ನಿನಲ್ಲಿ ಏನೂ ದೋಷವಿರಲಿಲ್ಲ. ಆ ಖಾಲಿ ಹಿಂದಿನ ಸೀಟು ಅವನ ಬೆನ್ನಿಗೆ ಚುಚ್ಚುತ್ತಿತ್ತು. ಎಷ್ಟು ದಿನ ಸಹಿಸುವುದು? ಒಂದು ದಿನ ಮೀನು ಬೇಗ ಮುಗಿಯಿತು. ಕೂಸಪ್ಪ ಟಿವಿಎಸ್ಸನ್ನು ಗೇಟಿನೊಳಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿ ಬುಲೆಟ್ಟು ಹೊರಗೆಳೆದ. ಕೈ ತೊಳೆಯಲಿಲ್ಲ, ಅಂಗಿ ಬದಲಿಸಲಿಲ್ಲ.

"ಎಲ್ಲಿಗೆ?" ಎಂದ ವಿಲ್ಫ್ರೆಡ್.

"ಕಾಪುವಿಗೆ."

"ಉಪ್ಪು?"

"ಹಿಡಿಯಲಿ ಸಾಯಲಿ!"

ಬಾಯಲ್ಲಿ ಹಾಗೆಂದರೂ, ಶಿರ್ವ ದಾಟಿ, ಪಡುವಣದ ಗಾಳಿ ಮುಖಕ್ಕೆ ಬಡಿದಾಗ ತಿರುಗಿಸಿಬಿಡಲೇ ಎಂದುಕೊಂಡ. ತಿರುಗಿಸಲಿಲ್ಲ.

ಮೀನು ಮಾರ್ಕೆಟಿನೆದುರು ಬುಲೆಟ್ಟಿನ ಸದ್ದಿಗೆ ಬುಟ್ಟಿಯವರೆಲ್ಲ ತಲೆಯೆತ್ತಿದರು. ಐಸಿನ ನೀರು ಹರಿಯುವ ನೆಲದಲ್ಲೇ ಚಕ್ರ ಹಾಯಿಸಿ ಕೂಸಪ್ಪ ವಾರಿಜಾಳ ಬುಟ್ಟಿಯೆದುರು ನಿಲ್ಲಿಸಿದ. ಅವಳು ಒಂದು ಬಂಗುಡೆಯ ಕಿವಿರು ತೆಗೆಯುತ್ತಿದ್ದಳು. ತೆಗೆದು ಮುಗಿಸಿ, ಗಿರಾಕಿಗೆ ಕಟ್ಟಿ ಕೊಟ್ಟು, ಕತ್ತಿ ತೊಳೆದಿಟ್ಟು, ಆಮೇಲೆ ಕೇಳಿದಳು.

"ಎಂತ, ಮೀನು ಬೇಕಾ?"

"ಬೇಡ. ಕೂತ್ಕೋ, ಹೋಗುವಾ."

"ಬುಟ್ಟಿ?"

ಬುಟ್ಟಿಯಲ್ಲಿ ಇನ್ನೂ ನಾಲ್ಕಾರು ಮೀನು, ಅರ್ಧ ಕರಗಿದ ಐಸು ಇತ್ತು. ಪಕ್ಕದವಳಲ್ಲಿ ಬಿಟ್ಟು ಬರುತ್ತಾಳೆಂಬ ಆಸೆ ಕೂಸಪ್ಪನಿಗೆ ಇದ್ದೇ ಇತ್ತು. ಆದರೂ ಹೇಳಿದ: "ಬುಟ್ಟಿಯೂ ಬರಲಿ."

ವಾರಿಜಾ ಅವನ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಒದ್ದೆ ಅಂಚನ್ನು ಹಿಂಡದೆ, ಎತ್ತಿಕಟ್ಟದೆ ಸೀಟಿನ ಮೇಲೆ ಕೂತು, ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟುಕೊಂಡಳು. ತಣ್ಣಗಿನ ನೀರು ಕೂಸಪ್ಪನ ಬೆನ್ನಿಗೆ ಇಳಿಯಿತು. ಗಾಡಿ ನಾಲ್ಕು ಮಾರು ಹೋಗುವುದರೊಳಗೆ ಮೊದಲ ಹನಿ ಕಾದ ಸೈಲೆನ್ಸರಿನ ಮೇಲೆ ಬಿದ್ದು ಚುಯ್ ಎಂದಿತು. ರಾಜದೂತ್ ದಿನಾ ಮಾಡುತ್ತಿದ್ದ ಸದ್ದು. ಅವನ ಕೈ ತಾನಾಗಿಯೇ ಒರೆಸುವ ಬಟ್ಟೆಗೆಂದು ಕಿಸೆಗೆ ಹೋಯಿತು. ಅಲ್ಲಿಂದ ಖಾಲಿಯಾಗಿ ಹ್ಯಾಂಡಲಿಗೆ ಮರಳಿತು.

"ಎಂತ ಸದ್ದು ಅದು?" ಎಂದಳು ವಾರಿಜಾ. ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಎಂತದೂ ಇಲ್ಲ."

ಇನ್ನೊಂದು ಹನಿ ಬಿತ್ತು. ಮತ್ತೊಂದು.

"ಮನೆಗೆ ಈಗ ಬೇಡ" ಎಂದಳು ಅವಳು ಹಿಂದಿನಿಂದ, ಅವನ ಭುಜ ಹಿಡಿದುಕೊಂಡು. "ಲೈಟ್‌ಹೌಸಿನವರೆಗೆ ಹೋಗುವಾ. ಅಲ್ಲಿ ನೀರಿನ ಹತ್ತಿರವೇ ನಿಲ್ಲಿಸಿ, ಗಾಳಿ ಚೆಂದ ಬರ್ತದೆ."

ಕೂಸಪ್ಪ ಹಲ್ಲು ಕಚ್ಚಿಕೊಂಡು ಬುಲೆಟ್ಟನ್ನು ಕಡಲಿನ ಕಡೆಗೆ ತಿರುಗಿಸಿದ.